ಹಳೆಯ ಸುದ್ದಿಯಿಂದ ಧಾರಾವಾಹಿ: ಮಾರ್ಕ್ವೆಜ್ ದಾರಿಯಲ್ಲಿ ನಾನು ಬರೆದ ಕಂತುಗಳು

ಕರಾವಳಿಯ ದಿನಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದಾಗ, ಬೋಟ್ ಮುಳುಗಿಯೂ ಬದುಕಿ ಬಂದ ಮಲ್ಪೆಯ ಮೀನುಗಾರರೊಬ್ಬರ ಅನುಭವವನ್ನು ಕಂತುಗಳಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಘಟನೆ ಆಗಲೇ ಎಲ್ಲ ಪತ್ರಿಕೆಗಳಲ್ಲಿ ಬಂದು ಹಳತಾಗಿದ್ದರಿಂದ, ಇಂಥದ್ದೇ ಹಳೆಯ ಸುದ್ದಿಯನ್ನು ಕೊಲಂಬಿಯಾದ ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ 1955ರಲ್ಲಿ ಬೊಗೊಟಾದ ‘ಎಲ್ ಎಸ್ಪೆಕ್ತದೋರ್’ ದಿನಪತ್ರಿಕೆಗೆ ಬರೆದ ಬಗೆಯನ್ನೇ ನಾನು ಮಾದರಿಯಾಗಿ ಇಟ್ಟುಕೊಂಡೆ.

ಕೊಲಂಬಿಯಾದ ನೌಕಾಪಡೆಯ ‘ಕಾಲ್ದಾಸ್’ ಹಡಗಿನಿಂದ ಕಡಲಿಗೆ ಬಿದ್ದ ಎಂಟು ಮಂದಿಯಲ್ಲಿ ಲೂಯಿಸ್ ಅಲೆಹಾಂಡ್ರೊ ವೆಲಾಸ್ಕೊ ಎಂಬ ನಾವಿಕನೊಬ್ಬನೇ, ತೆಪ್ಪದಲ್ಲಿ ಹತ್ತು ದಿನ ತೇಲಿ, ದಡ ಸೇರಿದ್ದನು. ಅವನು ಪತ್ರಿಕೆಯ ಕಚೇರಿಗೆ ಬರುವ ಹೊತ್ತಿಗೆ ಅವನ ಕಥೆಯನ್ನು ಕೇಳದವರು ಯಾರೂ ಉಳಿದಿರಲಿಲ್ಲ. ಮಾರ್ಕ್ವೆಜ್ ಅವನನ್ನು ದಿನಕ್ಕೆ ಆರು ಗಂಟೆಯಂತೆ ಇಪ್ಪತ್ತು ಬಾರಿ ಕೂರಿಸಿಕೊಂಡು, ಮಾತು ತಾಳೆಯಾಗುತ್ತದೆಯೇ ಎಂದು ತಿಳಿಯಲು ನಡುನಡುವೆ ಬಲೆ ಬೀಸುವಂಥ ಪ್ರಶ್ನೆಗಳನ್ನು ಕೇಳಿದರು. ಬಿರುಗಾಳಿಯನ್ನು ವರ್ಣಿಸು ಎಂದಾಗ, ಬಿರುಗಾಳಿಯೇ ಇರಲಿಲ್ಲ ಎಂದು ಅವನು ನಕ್ಕನಂತೆ. ಡೆಕ್ಕಿನ ಮೇಲೆ ಕಳ್ಳಸಾಗಣೆಯ ರೆಫ್ರಿಜರೇಟರು, ಟಿ.ವಿ., ಬಟ್ಟೆ ತೊಳೆಯುವ ಯಂತ್ರಗಳಿದ್ದ ಸಂಗತಿ ಹೀಗೆ ಹೊರಬಿತ್ತು. ಹದಿನಾಲ್ಕು ಕಂತುಗಳ ಆ ಧಾರಾವಾಹಿಯ ಜೀವ ಶೈಲಿಯಲ್ಲಿಲ್ಲ, ಈ ವಿಚಾರಣೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ನಾನೂ ಮೊದಲಿಗೆ ಬೋಟ್ ಮುಳುಗಿದ ಕ್ಷಣದ ಬಗ್ಗೆ ಕೇಳಲೇ ಇಲ್ಲ. ಆ ಭಾಗವನ್ನು ಮೀನುಗಾರರು ಎಷ್ಟೋ ಜನರಿಗೆ ಹೇಳಿ ಬಾಯಿಪಾಠವಾಗಿತ್ತು. ಹೊರಡುವ ಮುನ್ನ ಎಷ್ಟು ಐಸ್ ತುಂಬಿಸಿದರು, ಅಡುಗೆಗೆ ಏನಿತ್ತು, ತಾಂಡೇಲರು (ಬೋಟ್ ನಡೆಸುವ ಮುಖ್ಯಸ್ಥರು) ಎಲ್ಲಿ ಮಲಗುತ್ತಿದ್ದರು ಎಂಬಲ್ಲಿಂದ ಆರಂಭಿಸಿದಾಗ, ಯಾರಿಗೂ ಹೇಳದಿದ್ದ ವಿವರಗಳು ತಾವಾಗಿಯೇ ಬಂದವು. ಒಮ್ಮೆ, ಬೆಳದಿಂಗಳಲ್ಲಿ ದಡ ಕಾಣುತ್ತಿರಲಿಲ್ಲವೇ ಎಂದು ಬೇಕೆಂದೇ ಕೇಳಿದೆ. “ಎಲ್ಲಿಯ ಬೆಳದಿಂಗಳು ಮಾರಾಯ್ರೆ, ಕೈ ಕಾಣದಷ್ಟು ಕತ್ತಲೆ” ಎಂದರು. ಪಂಚಾಂಗ ತೆರೆದು ನೋಡಿದರೆ ಅಮಾವಾಸ್ಯೆಗೆ ಒಂದೇ ದಿನ ಬಾಕಿಯಿದ್ದ ರಾತ್ರಿ ಅದು. ಅಂದಿನಿಂದ ಅವರ ಮಾತನ್ನು ಹೆಚ್ಚು ಧೈರ್ಯದಿಂದ ಬರೆದೆ. ಆದರೂ ಉಬ್ಬರ ಇಳಿತದ ಹೊತ್ತನ್ನು ಬಂದರಿನ ಹಿರಿಯರಲ್ಲಿ ವಿಚಾರಿಸದೆ ಬಿಡಲಿಲ್ಲ.

ಬರವಣಿಗೆ ಉತ್ತಮ ಪುರುಷದಲ್ಲಿಯೇ ಇರಬೇಕೆಂದು ನಿರ್ಧರಿಸಿದ ಮೇಲೆ, ಅವರ ಬಾಯಲ್ಲಿ ಬಾರದ ಒಂದು ಉಪಮೆಯನ್ನೂ ಸೇರಿಸದಿರುವುದು ನಿಜಕ್ಕೂ ಕಷ್ಟವಾಯಿತು. ಮಾರ್ಕ್ವೆಜ್ ಕಂತುಗಳನ್ನು ನಾವಿಕನ ಹೆಸರಿನಲ್ಲೇ ಪ್ರಕಟಿಸಿದರು. 1970ರಲ್ಲಿ ಪುಸ್ತಕವಾಗುವವರೆಗೂ ಅವರ ಹೆಸರು ಅದಕ್ಕೆ ಸೇರಿರಲಿಲ್ಲ. ನಮ್ಮ ಪತ್ರಿಕೆಯಲ್ಲಿ ಮೀನುಗಾರರ ಹೆಸರನ್ನು ಮೇಲೆ ಹಾಕಿ, ಕೆಳಗೆ ‘ನಿರೂಪಣೆ’ ಎಂದು ನನ್ನ ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಕೊಟ್ಟೆವು. ಹೇಳಿದವರು ಯಾರು, ಬರೆದವರು ಯಾರು ಎಂದು ಓದುಗರಿಗೆ ಗೊತ್ತಿರುವುದೇ ಸರಿಯೆಂದು ನನಗೆ ಈಗಲೂ ಅನಿಸುತ್ತದೆ.