ಮಳಿಗೆ ತೆರವಿನ ಕೇಸುಗಳು: ನಾನು ನಡೆಸುವ ರೀತಿ

ವಕೀಲನಾಗಿ ನಾನು ಜಾಸ್ತಿ ನಡೆಸಿರುವುದು ವ್ಯಾಪಾರ ಮಳಿಗೆಗಳ ತೆರವು ದಾವೆಗಳನ್ನು. ಮಾಲೀಕರ ಪರವಾಗಿಯೂ ನಿಂತಿದ್ದೇನೆ, ಬಾಡಿಗೆದಾರರ ಪರವಾಗಿಯೂ ನಿಂತಿದ್ದೇನೆ. ಎರಡೂ ಕಡೆ ಕಂಡದ್ದು ಒಂದೇ: ದಾವೆ ಹಾಕುವ ಮೊದಲು ಬರೆದ ಕಾಗದಗಳೇ ಕೇಸನ್ನು ಅರ್ಧ ಮುಗಿಸಿರುತ್ತವೆ.

ಮೊದಲು ಕೇಳುವುದು ಮಳಿಗೆಯ ಅಳತೆ. ಕರ್ನಾಟಕ ಬಾಡಿಗೆ ಕಾಯ್ದೆ, 1999ರ ರಕ್ಷಣೆ ಸಿಗುವುದು 14 ಚದರ ಮೀಟರ್ ಮೀರದ, ಅಂದರೆ ಸುಮಾರು 150 ಚದರ ಅಡಿಯೊಳಗಿನ ಅಂಗಡಿಗಳಿಗೆ. ಅದಕ್ಕಿಂತ ದೊಡ್ಡದಾದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅಲ್ಲಿ ಮಾಲೀಕರು ಸ್ವಂತಕ್ಕೆ ಬೇಕು ಅಂತೆಲ್ಲ ಕಾರಣ ಕೊಡಬೇಕಿಲ್ಲ. ಬಾಡಿಗೆ ಕರಾರು ಕ್ರಮವಾಗಿ ಮುಗಿದಿದೆ ಎಂದು ತೋರಿಸಿದರೆ ಸಾಕು.

ಆಮೇಲೆ ಅಗ್ರಿಮೆಂಟ್. "ಐದು ವರ್ಷಕ್ಕೆ ಬರೆಸಿಕೊಂಡಿದ್ದೀನಿ ಸಾರ್" ಎಂದು ಬಾಡಿಗೆದಾರರು ಸ್ಟಾಂಪ್ ಪೇಪರ್ ಮುಂದಿಡುತ್ತಾರೆ. ನಾನು ತಿರುವಿ ಹಾಕಿ ಸಬ್ ರಿಜಿಸ್ಟ್ರಾರ್ ಮೊಹರು ಹುಡುಕುತ್ತೇನೆ. ಬಹಳ ಸಲ ಇರುವುದಿಲ್ಲ. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು. ಆಗಿಲ್ಲದಿದ್ದರೆ ಆ ಐದು ವರ್ಷದ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಸಾಮಾನ್ಯವಾಗಿ ಅದನ್ನು ತಿಂಗಳ ಬಾಡಿಗೆ ಎಂದೇ ನೋಡುತ್ತಾರೆ. ಸಾಲ ಮಾಡಿ ಒಳಾಂಗಣ ಮಾಡಿಸಿದವರಿಗೆ ಇದನ್ನು ಹೇಳುವಾಗ ಈಗಲೂ ಸಂಕಟವಾಗುತ್ತದೆ. ನೋಂದಣಿ ಖರ್ಚು ಉಳಿಸೋಣ ಅಂದವರು ಬೇರೆ ಯಾರೋ, ನಷ್ಟ ಇವರದ್ದು.

ತಿಂಗಳ ಬಾಡಿಗೆಯಾದರೆ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 106ರಂತೆ 15 ದಿನಗಳ ನೋಟಿಸ್. ನೋಟಿಸ್ ಕೈಗೆ ಸಿಕ್ಕ ದಿನದಿಂದ ಲೆಕ್ಕ. ಅಂಗಡಿಗೂ ಮನೆಗೂ ಕಳಿಸುತ್ತೇನೆ. ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರ ಹೆಸರೂ ಹಾಕುತ್ತೇನೆ. ವಾಪಸ್ ಬಂದ ಲಕೋಟೆ ಒಡೆಯದೆ ಹಾಗೇ ಇಡಿ ಅನ್ನುತ್ತೇನೆ. ಅದೇ ಸಾಕ್ಷ್ಯ.

ನೋಟಿಸ್ ಹೋದ ಮೇಲೆ ಮಾಲೀಕರಿಂದ ತಪ್ಪದೇ ಒಂದು ಫೋನ್: "ಸಾರ್, ಬಾಡಿಗೆ ಹಾಕಿದ್ದಾರೆ, ತಗೋಬಹುದಾ?" ಇಲ್ಲಿ ನಾನು ಬಹಳ ಬಿಗಿ. ಬಾಡಿಗೆ ಎಂದು ರಸೀದಿ ಕೊಟ್ಟರೆ, ನೋಟಿಸನ್ನು ನೀವೇ ಕೈಬಿಟ್ಟಿರಿ ಎಂದು ಕಲಂ 113 ಹಿಡಿದು ಎದುರು ವಕೀಲರು ವಾದಿಸುತ್ತಾರೆ. ಹಣ ತೆಗೆದುಕೊಂಡ ಮಾತ್ರಕ್ಕೆ ನೋಟಿಸ್ ಬಿದ್ದುಹೋಗುವುದಿಲ್ಲ, ನಿಜ. ಆದರೆ ಆ ವಾದಕ್ಕೆ ಸುಮ್ನೆ ಯಾಕೆ ಜಾಗ ಕೊಡಬೇಕು? ಹಾಗಾಗಿ ರಸೀದಿಯಲ್ಲಿ ಹೀಗೆ ಬರೆಸುತ್ತೇನೆ: "ನಮ್ಮ ಹಕ್ಕುಗಳಿಗೆ ಬಾಧೆ ಬಾರದಂತೆ, ಜಾಗದ ಬಳಕೆಗೆ ನಷ್ಟ ಪರಿಹಾರವಾಗಿ ಪಡೆದಿದ್ದೇವೆ." ಹಣ ನೇರ ಬ್ಯಾಂಕಿಗೆ ಬಂದಿದ್ದರೆ ಅದೇ ಮಾತಿನ ಪತ್ರ ತಡಮಾಡದೆ ಹೋಗಬೇಕು.

ಬೀಗ ಹಾಕುತ್ತೇನೆ, ಕರೆಂಟ್ ಕೀಳಿಸುತ್ತೇನೆ ಅನ್ನುವ ಮಾಲೀಕರ ಕೇಸು ನಾನು ಹಿಡಿಯುವುದಿಲ್ಲ. ಅವಧಿ ಮುಗಿದವರನ್ನೂ ಕಾನೂನಿನ ಮೂಲಕವೇ ಬಿಡಿಸಬೇಕು. ಬಲವಂತವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಡಿ 6 ತಿಂಗಳೊಳಗೆ ದಾವೆ ಹಾಕಿ ಜಾಗ ವಾಪಸ್ ಕೇಳಬಹುದು. ಆಗ ಆಸ್ತಿ ಯಾರದ್ದು ಎಂಬ ಪ್ರಶ್ನೆಯೇ ಬರುವುದಿಲ್ಲ.

ಬಾಡಿಗೆದಾರರಿಗೆ ನಾನು ಹೇಳುವುದು, ಜಗಳ ಎಷ್ಟೇ ಇರಲಿ ಬಾಡಿಗೆ ನಿಲ್ಲಿಸಬೇಡಿ. ಬಾಕಿಯ ಕಾರಣಕ್ಕೇ ಲೀಸ್ ರದ್ದಾಗಿದ್ದರೆ, ವಿಚಾರಣೆ ವೇಳೆ ಬಾಕಿ, ಬಡ್ಡಿ, ದಾವೆ ಖರ್ಚು ಕಟ್ಟಿದರೆ ಕೋರ್ಟ್ ಉಳಿಸಿಕೊಡಬಹುದು. ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 114 ಇರುವುದೇ ಅದಕ್ಕೆ. ಅವಧಿಯೇ ಮುಗಿದಿದ್ದರೆ ಅದು ನೆರವಿಗೆ ಬರುವುದಿಲ್ಲ.

ಅಂಥ ಕೇಸಿನಲ್ಲಿ ನಾನು ರಾಜಿಗೆ ಕೂರಿಸುತ್ತೇನೆ. ವ್ಯಾಪಾರಿಗೆ ಬೇಕಾದದ್ದು ಬೇರೆ ಜಾಗ ಹುಡುಕಲು ಸಮಯ, ಮಾಲೀಕರಿಗೆ ಬೇಕಾದದ್ದು ಖಚಿತ ದಿನಾಂಕ. ಅದನ್ನು ಬಾಯಿಮಾತಿಗೆ ಬಿಡದೆ ಕೋರ್ಟಿನಲ್ಲೇ ರಾಜಿ ಡಿಕ್ರಿ, ಅಂದರೆ ಇಬ್ಬರೂ ಒಪ್ಪಿದಂತೆ ಕೋರ್ಟ್ ಕೊಡುವ ತೀರ್ಪು, ಮಾಡಿಸುತ್ತೇನೆ. ಆ ದಿನ ಬಿಡದಿದ್ದರೆ ಹೊಸ ದಾವೆ ಬೇಡ, ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ನೇರ ಅಮಲ್ಜಾರಿ ಅರ್ಜಿ. ಅಡ್ವಾನ್ಸ್ ವಾಪಸ್ ಕೊಡುವ ದಿನವನ್ನೂ ಅದರಲ್ಲೇ ಬರೆಸುತ್ತೇನೆ: ಮೀಟರ್ ರೀಡಿಂಗ್ ಗುರುತು ಹಾಕಿಕೊಂಡು, ಬೀಗದ ಕೈ ಕೊಡುವಾಗಲೇ ಡಿಡಿಯೂ ಕೈಗೆ ಬರಬೇಕು.