ಅರೇಬಿಕ್ ಪುಟದಲ್ಲಿ ಹಿಂದುಮುಂದಾದ ಫೋನ್ ನಂಬರ್: ನನ್ನ ಅನುಭವ

ನಾನು ನೋಡಿಕೊಳ್ಳುವ ಒಂದು ಮಸಾಲೆ ರಫ್ತು ಕಂಪನಿಯ ವೆಬ್‌ಸೈಟಿಗೆ ಅರೇಬಿಕ್ ಪುಟ ಸೇರಿಸಬೇಕಿತ್ತು. ಅನುವಾದ ಚೆನ್ನಾಗಿಯೇ ಬಂತು. ಪುಟದ ರಚನೆ ಬರೆಯುವ ಎಚ್‌ಟಿಎಂಎಲ್ ಕೋಡಿನ ಮೊದಲ ಟ್ಯಾಗಿನಲ್ಲಿ ಭಾಷೆ ಅರೇಬಿಕ್, ದಿಕ್ಕು ಆರ್‌ಟಿಎಲ್ (ಬಲದಿಂದ ಎಡಕ್ಕೆ) ಅಂತ ಕೊಟ್ಟೆ. ಇಡೀ ಪುಟ ಬಲದಿಂದ ಎಡಕ್ಕೆ ತಿರುಗಿತು. ಕೆಲಸ ಮುಗಿಯಿತು ಅಂದುಕೊಂಡೆ.

ಎರಡು ದಿನ ಕಳೆದ ಮೇಲೆ ದುಬೈನ ಗ್ರಾಹಕರೊಬ್ಬರು ಸ್ಕ್ರೀನ್‌ಶಾಟ್ ಕಳಿಸಿದರು. ಫೋನ್ ನಂಬರಿನ ಕೊನೆಯ ಅಂಕಿಗಳು ಎಡಕ್ಕೆ ಬಂದಿದ್ದವು. 91 ಬಲತುದಿಗೆ ಹೋಗಿ, ಅದರಾಚೆ ಪ್ಲಸ್ ಗುರುತು ಕೂತಿತ್ತು. ಡೇಟಾಬೇಸ್‌ನಲ್ಲಿ ನೋಡಿದರೆ ನಂಬರ್ ಸರಿಯಾಗೇ ಇದೆ! ಅರ್ಧ ದಿನ ಅಲ್ಲೇ ಹುಡುಕಿದೆ.

ತಪ್ಪು ಡೇಟಾದಲ್ಲಿ ಇರಲಿಲ್ಲ. ಎರಡು ದಿಕ್ಕಿನ ಬರಹ ಒಂದೇ ಸಾಲಿನಲ್ಲಿ ಬಂದರೆ ಹೇಗೆ ಜೋಡಿಸಬೇಕು ಅಂತ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರುಗಳು ಬಳಸುವ ಮಾನದಂಡ) ನಿಯಮವಿದೆ. ಅರೇಬಿಕ್ ಅಕ್ಷರಗಳು ಬಲದಿಂದ ಎಡಕ್ಕೆ ಸಾಗುತ್ತವೆ, ಅಂಕಿಗಳು ಮಾತ್ರ ಎಡದಿಂದ ಬಲಕ್ಕೆ. ನಡುವಿನ ಖಾಲಿ ಜಾಗಕ್ಕೆ ಸ್ವಂತ ದಿಕ್ಕಿಲ್ಲ, ಸುತ್ತಲಿನ ದಿಕ್ಕನ್ನೇ ಹಿಡಿಯುತ್ತದೆ. ನಾವು ನಂಬರನ್ನು ಜಾಗ ಬಿಟ್ಟು ಬರೆದಿದ್ದೆವು. ಹಾಗಾಗಿ ಒಂದೊಂದು ತುಂಡಿನ ಒಳಗೆ ಅಂಕಿಗಳು ಸರಿ, ತುಂಡುಗಳ ಸಾಲು ಮಾತ್ರ ತಿರುಗಿತ್ತು.

ಸುತ್ತಲಿನ ಬರಹದ ದಿಕ್ಕಿನಿಂದ ಒಂದು ತುಂಡನ್ನು ಬೇರೆ ಇಡುವ ಬಿಡಿಐ ಟ್ಯಾಗಿನೊಳಗೆ ನಂಬರನ್ನು ಇಟ್ಟು, ದಿಕ್ಕು ಎಲ್‌ಟಿಆರ್ (ಎಡದಿಂದ ಬಲಕ್ಕೆ) ಅಂತ ಬರೆದೆ. ತಕ್ಷಣ ಸರಿಹೋಯಿತು. ಪ್ರಾಡಕ್ಟ್ ಕೋಡ್‌ಗಳಿಗೂ ಹಾಗೇ ಮಾಡಿದೆ.

ಜಾಸ್ತಿ ಹೊತ್ತು ಹಿಡಿದದ್ದು ಸಿಎಸ್ಎಸ್, ಅಂದರೆ ಪುಟದ ಅಂದ, ಜಾಗಗಳನ್ನು ಹೇಳುವ ಕೋಡ್. ಎಡಕ್ಕೆ ಜಾಗ ಬಿಡುವ ಮಾರ್ಜಿನ್-ಲೆಫ್ಟ್ ಇದ್ದ ಕಡೆಯೆಲ್ಲ, ಸಾಲು ಶುರುವಾಗುವ ಬದಿಗೆ ಜಾಗ ಬಿಡುವ ಮಾರ್ಜಿನ್-ಇನ್‌ಲೈನ್-ಸ್ಟಾರ್ಟ್ ಹಾಕಿದೆ. ಆಮೇಲೆ ಎರಡೂ ದಿಕ್ಕಿಗೆ ಒಂದೇ ಫೈಲ್ ಸಾಕಾಯಿತು. ‘ಮುಂದೆ’ ಬಟನ್ನಿನ ಬಾಣವನ್ನು ಎಡಕ್ಕೆ ತಿರುಗಿಸಿದೆ. ಲೋಗೋ ಮುಟ್ಟಲಿಲ್ಲ, ಅದನ್ನು ತಿರುಗಿಸಬಾರದು ಅಲ್ವಾ.

ಕೊನೆಗೆ ಅರೇಬಿಕ್ ಓದಬಲ್ಲ ಆ ಗ್ರಾಹಕರಿಗೇ ಲಿಂಕ್ ಕಳಿಸಿ ಒಂದೊಂದು ಪುಟ ನೋಡಿಸಿದೆ. ಈಗ ಉರ್ದು ಪುಟಕ್ಕೂ ಇದೇ ವಿಧಾನ ಬಳಸುತ್ತಿದ್ದೇನೆ.