ತಮ್ಮವರ ಗುಂಡೇಟಿಗೇ ಬಿದ್ದ ವಿಮಾನಗಳು: ನಾನು ಹುಡುಕುವ ಬಗೆ

ಎರಡನೇ ಮಹಾಯುದ್ಧದಲ್ಲಿ ವಿಮಾನವೊಂದು ವಾಪಸ್ ಬರದಿದ್ದರೆ ಅಮೆರಿಕದ ವಾಯುಪಡೆ ಒಂದು ಫಾರಂ ತುಂಬುತ್ತಿತ್ತು. ಮಿಸ್ಸಿಂಗ್ ಏರ್ ಕ್ರೂ ರಿಪೋರ್ಟ್ ಅಂತ ಅದರ ಹೆಸರು. ಈ ಕೆಲಸದಲ್ಲಿರುವವರ ಬಾಯಲ್ಲಿ ಬರೀ ‘ಮ್ಯಾಕರ್’. ವಿಮಾನ ಯಾಕೆ ಬಿತ್ತು ಅನ್ನುವ ಪ್ರಶ್ನೆಗೆ ಅದರಲ್ಲಿ ಮೂರೇ ಆಯ್ಕೆ: ಶತ್ರು ವಿಮಾನ, ಶತ್ರುವಿನ ನೆಲದ ಫಿರಂಗಿ, ಇತರೆ. ತಮ್ಮವರೇ ಹೊಡೆದರು ಅಂತ ಬರೆಯಲು ಪ್ರತ್ಯೇಕ ಜಾಗವೇ ಇಲ್ಲ. ಅದೂ 48 ಗಂಟೆಯೊಳಗೆ ತುಂಬಿ ಕಳಿಸಬೇಕಿತ್ತು. ಅಷ್ಟರಲ್ಲಿ ನಿಜ ಸಂಗತಿ ಯಾರಿಗೆ ಗೊತ್ತಿರುತ್ತದೆ?

ನಾನು ಹುಡುಕುವುದು 1944 ಮತ್ತು 1945ರಲ್ಲಿ ಗುಪ್ತ ಕೆಲಸಕ್ಕೆ ಹೋಗಿ ಬೀಳುತ್ತಿದ್ದ ವಿಮಾನಗಳನ್ನು. ಬ್ರಿಟನ್ನಿನ ಟೆಂಪ್ಸ್‌ಫರ್ಡ್‌ನಿಂದ 138 ಮತ್ತು 161ನೇ ಸ್ಕ್ವಾಡ್ರನ್‌ಗಳು ಹಾರುತ್ತಿದ್ದವು. ಹ್ಯಾರಿಂಗ್ಟನ್‌ನಿಂದ ಅಮೆರಿಕದ ‘ಕಾರ್ಪೆಟ್‌ಬ್ಯಾಗರ್’ ಪಡೆಯ ಕಪ್ಪು ಬಣ್ಣದ ಲಿಬರೇಟರ್ ಬಾಂಬರ್‌ಗಳು ಹಾರುತ್ತಿದ್ದವು. ಶತ್ರು ಹಿಡಿತದ ನೆಲದಲ್ಲಿ ಏಜೆಂಟರನ್ನೂ ಶಸ್ತ್ರಾಸ್ತ್ರವನ್ನೂ ಇಳಿಸಿ ಬರುವುದು ಇವರ ಕೆಲಸ. ಹಗಲು ಬಾಂಬರ್‌ಗಳು ಗುಂಪಾಗಿ ಹೋಗುತ್ತಿದ್ದುದರಿಂದ ಅವುಗಳ ಮ್ಯಾಕರ್‌ನಲ್ಲಿ ಅಕ್ಕಪಕ್ಕದ ವಿಮಾನದವರ ಸಾಕ್ಷಿ ಸಿಗುತ್ತದೆ. ‘ಎಡ ರೆಕ್ಕೆಗೆ ಬೆಂಕಿ, ಇಷ್ಟು ಜನ ಹಾರಿದ್ದು ಕಂಡಿತು’ ಅನ್ನುವಂಥದ್ದು. ಇವರು ಹೋಗುತ್ತಿದ್ದುದು ರಾತ್ರಿ, ಒಂಟಿಯಾಗಿ, ನೆಲಕ್ಕೆ ಹತ್ತಿರವಾಗಿ. ಸಾಕ್ಷಿಯ ಪುಟ ಖಾಲಿ. ಆ ಖಾಲಿ ಪುಟ ನೋಡಿದ ಕೂಡಲೇ ‘ಮುಚ್ಚಿಹಾಕಿದ್ದಾರೆ’ ಅನ್ನುವವರು ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ನೋಡಿದವರೇ ಇಲ್ಲದಿದ್ದರೆ ಬರೆಯುವುದೇನು?

ಹಾಗಾಗಿ ನಾನು ಬಿದ್ದವರ ಕಡತದಲ್ಲಿ ತುಂಬಾ ಹೊತ್ತು ಕೂರುವುದಿಲ್ಲ. ಹೊಡೆದವರ ಕಡತಕ್ಕೆ ಹೋಗುತ್ತೇನೆ.

ಯಾಕೆಂದರೆ ಹೊಡೆದವನಿಗೆ ಅದು ತಪ್ಪು ಅಂತ ಗೊತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಅದು ಗೆಲುವು. ಸಂಭ್ರಮದಿಂದ ವರದಿ ಬರೆದಿರುತ್ತಾನೆ: ಸಮಯ, ಜಾಗ, ಎತ್ತರ, ಎಷ್ಟು ಗುಂಡು ಹಾರಿತು, ಎಲ್ಲಾ. ಬ್ರಿಟಿಷ್ ಪೈಲಟ್‌ಗಳ ಕಾಳಗದ ವರದಿಗಳು ಲಂಡನ್ನಿನ ಕ್ಯೂದಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿ ಎಐಆರ್ 50 ಸರಣಿಯಲ್ಲಿವೆ. ಸ್ಕ್ವಾಡ್ರನ್ ದಿನಚರಿಗಳು ಎಐಆರ್ 27ರಲ್ಲಿ. ಫ್ರಾನ್ಸ್, ಬೆಲ್ಜಿಯಂಗಳಲ್ಲಿದ್ದ ಬ್ರಿಟಿಷ್ ವಿಮಾನನಿರೋಧಕ ರೆಜಿಮೆಂಟ್‌ಗಳ ಯುದ್ಧ ಡೈರಿ ಬೇಕಾದರೆ ಡಬ್ಲ್ಯೂಒ 171. ಈ ಕೊನೆಯದನ್ನು ವಿಮಾನ ಇತಿಹಾಸದ ಹುಚ್ಚಿರುವವರು ಮುಟ್ಟುವುದೇ ಕಡಿಮೆ. ಭೂಸೇನೆಯ ಕಾಗದ ಅಂತ ಉಪೇಕ್ಷೆ. ನನಗೆ ಜಾಸ್ತಿ ಸಿಕ್ಕಿದ್ದೇ ಅಲ್ಲಿ. ಅಮೆರಿಕದ ಫಿರಂಗಿ ಪಡೆಗಳ ವರದಿಗಳು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ಅಮೆರಿಕದ ರಾಷ್ಟ್ರೀಯ ದಾಖಲಾಗಾರದಲ್ಲಿವೆ, ರೆಕಾರ್ಡ್ ಗ್ರೂಪ್ 407.

ಕೆಲಸದ ಕ್ರಮ ಇಷ್ಟು. ಬಿದ್ದ ವಿಮಾನದ ರಾತ್ರಿಯನ್ನು ಹಿಡಿದು, ಆ ಪ್ರದೇಶದಲ್ಲಿ ನಮ್ಮವರು ‘ಶತ್ರು ವಿಮಾನ ಉರುಳಿಸಿದೆವು’ ಅಂತ ಹೇಳಿಕೊಂಡ ಎಲ್ಲ ಕಡೆಯನ್ನೂ ಪಟ್ಟಿ ಮಾಡುತ್ತೇನೆ. (ನಮ್ಮವರು ಅಂದರೆ ಮಿತ್ರಪಡೆಗಳು. ಇಷ್ಟು ವರ್ಷ ಇವರ ಜೊತೆಯೇ ಇದ್ದು ಬಾಯಿಗೆ ಹಾಗೇ ಬರುತ್ತದೆ.) ಆಮೇಲೆ ಜರ್ಮನ್ನರ ನಷ್ಟದ ಪಟ್ಟಿ ನೋಡುತ್ತೇನೆ. ಅಲ್ಲಿ ಆ ರಾತ್ರಿ, ಆ ಜಾಗದಲ್ಲಿ ಯಾವ ವಿಮಾನವೂ ಕಳೆದುಹೋಗಿಲ್ಲ ಅಂದರೆ ಕಿವಿ ನೆಟ್ಟಗಾಗುತ್ತದೆ. ಅದರ ಜೊತೆಗೆ ಜರ್ಮನ್ನರೂ ನಮ್ಮ ವಿಮಾನವನ್ನು ಹೊಡೆದೆವು ಅಂತ ಹೇಳಿಕೊಂಡಿಲ್ಲವಾದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಯುದ್ಧದ ಕೊನೆಯ ತಿಂಗಳುಗಳ ಜರ್ಮನ್ ಕಾಗದಪತ್ರ ತೂತುತೂತು. ಅಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ.

ಗಡಿಯಾರದ ವಿಷಯದಲ್ಲಿ ಮೈಯೆಲ್ಲಾ ಕಣ್ಣಾಗಿರಬೇಕು. ಬ್ರಿಟನ್ ಆಗ ಬೇಸಿಗೆಯಲ್ಲಿ ಗ್ರೀನಿಚ್ ಸಮಯಕ್ಕಿಂತ ಎರಡು ಗಂಟೆ ಮುಂದೆ, ಚಳಿಗಾಲದಲ್ಲಿ ಒಂದು ಗಂಟೆ ಮುಂದೆ ನಡೆಯುತ್ತಿತ್ತು. ಒಂದೇ ಘಟನೆ ಒಂದು ಡೈರಿಯಲ್ಲಿ ಸ್ಥಳೀಯ ಸಮಯದಲ್ಲಿ, ಇನ್ನೊಂದರಲ್ಲಿ ಗ್ರೀನಿಚ್‌ನಲ್ಲಿ ಇರಬಹುದು. ಮಧ್ಯರಾತ್ರಿ ದಾಟಿದರೆ ತಾರೀಖೂ ಬದಲು. ಎಲ್ಲವನ್ನೂ ಗ್ರೀನಿಚ್‌ಗೆ ತಂದ ಮೇಲೇ ಹೋಲಿಸುತ್ತೇನೆ. ಜಾಗದ್ದೂ ಇದೇ ಕಥೆ. ಫಿರಂಗಿಯವರು ಅಕ್ಷಾಂಶ ರೇಖಾಂಶ ಬರೆಯುವುದಿಲ್ಲ, ‘ನೋರ್ ದ ಗೆರ್’ ಅನ್ನುವ ಯುದ್ಧಕಾಲದ ಗ್ರಿಡ್ ಬಳಸುತ್ತಾರೆ. ಅದನ್ನು ಇಂದಿನ ನಕಾಶೆಗೆ ಬದಲಿಸಿಕೊಳ್ಳಬೇಕು.

ಫಿರಂಗಿಯವರನ್ನು ಬೈಯುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿ. 1944ರ ಆಗಸ್ಟ್‌ನಲ್ಲಿ ರಣರಂಗ ಫ್ರಾನ್ಸ್‌ನಲ್ಲಿ ಭರ್ರನೆ ಪೂರ್ವಕ್ಕೆ ಸರಿಯಿತು. ಸೇನೆಯ ಹಿಂದೆಯೇ ಫಿರಂಗಿಗಳೂ ಹೋದವು. ಗುಪ್ತ ವಿಮಾನದ ದಾರಿ ಎಲ್ಲರಿಗೂ ಹೇಳುವಂಥದ್ದಲ್ಲ. ‘ನಾನು ನಿಮ್ಮವನು’ ಅಂತ ರಾಡಾರ್‌ಗೆ ಉತ್ತರ ಕೊಡುವ ಐಎಫ್‌ಎಫ್ ಪೆಟ್ಟಿಗೆಯನ್ನು ಶತ್ರುವಿನ ನೆಲದ ಮೇಲೆ ಆಫ್ ಮಾಡಿಡುತ್ತಿದ್ದರು. ಸಾಲದ್ದಕ್ಕೆ ಜರ್ಮನ್ನರ ಕೆಜಿ 200 ಪಡೆ ಸೆರೆಸಿಕ್ಕ ಅಮೆರಿಕದ ಬಿ-17 ಬಾಂಬರ್‌ಗಳನ್ನೇ ಗುಪ್ತ ಕೆಲಸಕ್ಕೆ ಬಳಸುತ್ತಿತ್ತು. ಕತ್ತಲಲ್ಲಿ ಒಂಟಿ ನಾಲ್ಕು ಇಂಜಿನ್‌ನ ವಿಮಾನ ಬಂದರೆ ಅದು ನಮ್ಮದೇ ಅಂತ ಹೇಗೆ ನಂಬುವುದು?

ಖಚಿತವಾಗಿ ಗೊತ್ತಿರುವ ಪ್ರಕರಣಗಳಲ್ಲಿ ಹೆಚ್ಚಾಗಿ ಯಾರಾದರೂ ಬದುಕಿ ಬಂದಿರುತ್ತಾರೆ. 161ನೇ ಸ್ಕ್ವಾಡ್ರನ್‌ನ ನಾರ್ವೆ ಪೈಲಟ್ ಪೆರ್ ಹೈಸಿಂಗ್-ಡಾಲ್ 1944ರ ಜುಲೈನಲ್ಲಿ ಲೈಸಾಂಡರ್ ವಿಮಾನದಲ್ಲಿ ಏಜೆಂಟರನ್ನು ಕರೆತರುತ್ತಿದ್ದಾಗ ನಾರ್ಮಂಡಿಯ ಮೇಲೆ ಮಿತ್ರಪಡೆಗಳ ಫಿರಂಗಿಗಳೇ ಹೊಡೆದವು. ವಿಮಾನ ಇಂಗ್ಲಿಷ್ ಕಾಲುವೆಯಲ್ಲಿ ಇಳಿಯಿತು. ಅವರು ಉಳಿದರು, ಮುಂದೆ ನಾರ್ವೆ ಸಂಸತ್ತಿನ ಅಧ್ಯಕ್ಷರೂ ಆದರು. ಅವರು ಅಂದು ಮುಳುಗಿದ್ದರೆ ಆ ವಿಮಾನದ ಮುಂದೆ ಏನು ಬರೆದಿರುತ್ತಿದ್ದರು? ಬಹುಶಃ ‘ಕಾರಣ ತಿಳಿದಿಲ್ಲ’.

ಇದಕ್ಕೆ ವಿರುದ್ಧದ ಎಚ್ಚರವೂ ಬೇಕು. 1945ರ ಜನವರಿ 1ರಂದು ಜರ್ಮನ್ನರು ನಡೆಸಿದ ‘ಬೋಡೆನ್‌ಪ್ಲಾಟೆ’ ದಾಳಿಯನ್ನು ಎಷ್ಟು ಗುಟ್ಟಾಗಿಟ್ಟಿದ್ದರೆಂದರೆ ಅವರ ಫಿರಂಗಿಗಳವರಿಗೇ ಸರಿಯಾಗಿ ತಿಳಿಸಿರಲಿಲ್ಲ. ಜರ್ಮನ್ ವಿಮಾನಗಳ ನಷ್ಟದಲ್ಲಿ ದೊಡ್ಡ ಪಾಲು ಅವರ ಗುಂಡಿನದೇ ಅಂತ ದಶಕಗಳ ಕಾಲ ಮಾತಿತ್ತು. ಆಮೇಲೆ ಸಂಶೋಧಕರು ಒಂದೊಂದೇ ವಿಮಾನವನ್ನು ಹಿಡಿದು ಲೆಕ್ಕ ಹಾಕಿದಾಗ ಆ ಪಾಲು ಚೆನ್ನಾಗಿ ಕರಗಿತು. ‘ತಮ್ಮವರೇ ಹೊಡೆದರು’ ಅನ್ನುವ ಕಥೆಗೆ ಅಂಥ ಸೆಳೆತ ಇದೆ. ಸಮಯ, ಜಾಗ, ಅವಶೇಷ ಮೂರೂ ಕೂಡದೆ ನಾನು ‘ಖಚಿತ’ ಅನ್ನುವುದಿಲ್ಲ. ನನ್ನ ಪಟ್ಟಿಯಲ್ಲಿ ‘ಸಾಧ್ಯ’ ಅನ್ನುವ ಕಾಲಂ ಉದ್ದ.

ಅವಶೇಷದ ವಿಷಯಕ್ಕೆ ಸತ್ತವರ ಕಡತ ಉಪಯೋಗಕ್ಕೆ ಬರುತ್ತದೆ. ಅಮೆರಿಕದವರದ್ದು ಐಡಿಪಿಎಫ್, ಅಂದರೆ ಸತ್ತ ಒಬ್ಬೊಬ್ಬ ಸೈನಿಕನ ಹೆಸರಿನಲ್ಲಿರುವ ಕಡತ. 1973ರಲ್ಲಿ ಸೇಂಟ್ ಲೂಯಿಸ್‌ನ ದಾಖಲಾಗಾರಕ್ಕೆ ಬೆಂಕಿ ಬಿದ್ದು ಸೈನಿಕರ ಲಕ್ಷಾಂತರ ಕಡತಗಳು ಸುಟ್ಟವು, ಆದರೆ ಇವು ಉಳಿದವು. ಶವ ಎಲ್ಲಿ ಸಿಕ್ಕಿತು, ಊರವರು ಏನು ಹೇಳಿದರು ಅನ್ನುವುದು ಅದರಲ್ಲಿ ಇರುತ್ತದೆ. ಓದಲು ಕಷ್ಟ. ಏಜೆಂಟರನ್ನು ಕಳಿಸುತ್ತಿದ್ದ ಬ್ರಿಟನ್ನಿನ ಗುಪ್ತ ಸಂಸ್ಥೆ ಎಸ್‌ಒಇಯ ಕಾಗದಗಳ ಬಗ್ಗೆ ಮಾತ್ರ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಯುದ್ಧ ಮುಗಿದ ಮೇಲೆ ಬೆಂಕಿಗೂ ‘ಬೇಡದ್ದು’ ಅಂತ ಎಸೆದದ್ದಕ್ಕೂ ಹೆಚ್ಚಿನ ಪಾಲು ಹೋಗಿದೆ.

ಕುಟುಂಬದವರಿಗೆ ತಿಳಿಸುವಾಗ ಮೊದಲು ತೀರ್ಮಾನ ಬರೆಯುವುದಿಲ್ಲ. ‘ಹೇಗೆ ಬಿತ್ತು ಅನ್ನುವುದು ನಿಮಗೆ ತಿಳಿಯಬೇಕೇ?’ ಅಂತ ಕೇಳುತ್ತೇನೆ. ಬೇಡ ಅನ್ನುವವರೂ ಇದ್ದಾರೆ. ಬೇಕು ಅಂದರೆ ಎರಡೂ ಕಡೆಯ ಡೈರಿ ಪುಟಗಳನ್ನು ಒಟ್ಟಿಗೆ ಕಳಿಸುತ್ತೇನೆ. ಹೊಡೆದ ಪೈಲಟ್ ಅಥವಾ ಫಿರಂಗಿಯವನ ಹೆಸರನ್ನು ಮಾತ್ರ ಮುಚ್ಚಿರುತ್ತೇನೆ. ಅವನಿಗೂ ಮಕ್ಕಳು ಮೊಮ್ಮಕ್ಕಳು ಇರುತ್ತಾರಲ್ಲ.